ಬಾಲ ಮುಂದಾಗಿ ಹೋದ ಚುಕ್ಕಿ

ಅಮೋಗಸಿದ್ದನ ಬಗ್ಗೆ ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ. ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೊತ್ತಿದ್ದದ್ದನ್ನು ಹೇಳದೆ ಸುಮ್ಮನಿರಲು ನನಗೆ ಬರುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ಗ್ರಹಣದಲ್ಲಿ ಉಣ್ಣಬಾರದು ಎಂದರೆ ಸಾಕು, ಎಲೆಯ ಮುಂದೆ ಕೂತಲ್ಲೇ ಪಾಠ ಶುರು ಮಾಡುತ್ತೇನೆ. ದನಗಳಿಗೆ ಕಾಲುಬಾಯಿ ಬೇನೆ ಬಂದರೆ ನಿನಗೆ ಬರೀ ಬಾಯಿಬೇನೆ ಬಂದಿದೆ ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ. ಇಪ್ಪತ್ತೆರಡು ವರ್ಷದಿಂದ ದರಿಬಡಚಿಯ ಆಚೆಗಿರುವ ಒಂದು ಸಣ್ಣ ವಸ್ತಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಹೆಸರು ವಿದ್ಯಾವತಿ. ಸೊರಡಿಯಿಂದ ದಿನಾ ಸ್ಕೂಟಿಯಲ್ಲಿ ಬರುವ ನನ್ನನ್ನು ವಸ್ತಿಯವರು ಬರೀ ‘ಬಾಯಾರು’ ಎನ್ನುತ್ತಾರೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಬಾಯಾರೇ.

ಅಮೋಗಸಿದ್ದ ಕುರಿ ಕಾಯುವವನು. ಈಗ ಅವನಿಗೆ ಅರವತ್ತೆಂಟು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ, ಕಾಗದದ ಬಾಣವನ್ನು ಕಡ್ಡಿಗೆ ಚುಚ್ಚಿ, ಗಾಳಿಯ ದಿಕ್ಕು ಕಂಡುಹಿಡಿಯುವುದನ್ನು ತೋರಿಸುತ್ತಿದ್ದೆ. ಬಾಣ ಅತ್ತಲೂ ಇತ್ತಲೂ ತಿರುಗಿ ನನ್ನ ಮಾನ ಕಳೆಯುತ್ತಿತ್ತು. ಹಿಂಡು ಹೊಡೆದುಕೊಂಡು ಹೋಗುತ್ತಿದ್ದ ಇವನು ನಿಂತು ನೋಡಿದ.

“ಬಾಯಾರ, ಆ ಕಾಗದ ಯಾಕ ಬೇಕ್ರಿ? ಕುರಿ ನೋಡ್ರಿ ಸಾಕು. ಗಾಳಿ ಸಣ್ಣದಿದ್ರ ಅದಕ್ಕ ಮಾರಿ ಕೊಟ್ಟು ಮೇಯ್ತಾವ. ಬಿರುಗಾಳಿ ಆದ್ರ ಬಾಲ ಕೊಟ್ಟು ನಿಂದರ್ತಾವ.”

ನೋಡಿದರೆ ಅಷ್ಟೂ ಕುರಿಗಳ ಮುಖ ಒಂದೇ ಕಡೆಗಿತ್ತು. ಮರುದಿನ ಅವನ ಮಾತನ್ನೇ ಹಲಗೆಯ ಮೇಲೆ ಬರೆದೆ. ಅಂದಿನಿಂದ ಶಾಲೆಯ ಮುಂದೆ ಹಾದು ಹೋಗುವಾಗಲೆಲ್ಲ ಅವನು ಕಂಪೌಂಡಿನ ಹೊರಗಿನಿಂದ ಕೂಗುತ್ತಿದ್ದ: “ಇವತ್ತ ತೆಂಕಣ ಗಾಳಿ ಐತ್ರಿ ಬಾಯಾರ, ಬರಕೊಳ್ರಿ.” ನಾನು ನಿಜವಾಗಿಯೂ ಬರೆದುಕೊಳ್ಳುತ್ತಿದ್ದೆ.

ಅವನು ಹುಟ್ಟಿದ್ದು ಕೃಷ್ಣಾ ಹೊಳೆಯ ಹತ್ತಿರ ಯಾರದೋ ಹೊಲದಲ್ಲಿ ಹಾಕಿದ್ದ ಕುರಿಹಟ್ಟಿಯಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಎಂಟು ವರ್ಷದವನಿದ್ದಾಗ, ಅಂದರೆ ಅರವತ್ತೈದನೇ ಇಸವಿಯಲ್ಲಿ, ಅವನ ತಂದೆ ಸೋಮಲಿಂಗ ನಸುಕಿನಲ್ಲಿ ಎಬ್ಬಿಸಿ ಹೊರಗೆ ಕರೆತಂದು ಬಾಲದ ಚುಕ್ಕಿಯನ್ನು ತೋರಿಸಿದ್ದ. ಮೂಡಣದಲ್ಲಿ ತಲೆ, ಪಡುವಣದ ಕಡೆಗೆ ಮೇಲೆದ್ದ ಬಾಲ. ತಂದೆ ಹೇಳಿದ್ದ: ಬಾಲ ಎಂದರೆ ಚುಕ್ಕಿ ನಡೆದು ಬಂದ ದಾರಿ, ಅಲ್ಲಿ ಏನು ಕೆಡಬೇಕೋ ಕೆಟ್ಟು ಮುಗಿದಿದೆ, ನಾವು ಅತ್ತ ಹೋಗಬೇಕು, ತಲೆ ಇರುವ ಕಡೆಗೆ ಅದು ಇನ್ನೂ ಹೋಗಬೇಕಾಗಿದೆ, ಅತ್ತ ಹೆಜ್ಜೆ ಇಡಬಾರದು. ಆ ವರ್ಷ ಸೋಮಲಿಂಗ ಹಿಂಡನ್ನು ಪಡುವಣಕ್ಕೆ ಹೊಡೆದ. ಮಳೆ ಕೈಕೊಟ್ಟ ಆ ವರ್ಷದಲ್ಲಿ ಮೂಡಣಕ್ಕೆ ಹೋದವರ ಕುರಿಗಳು ದಾರಿಯಲ್ಲೇ ಸತ್ತವು, ಇವರವು ಹೊಳೆದಂಡೆಯ ಹಸಿರು ತಿಂದು ಮರಳಿದವು. ಎಂಟು ವರ್ಷದ ಹುಡುಗನ ತಲೆಯಲ್ಲಿ ಅದು ಕೂತುಬಿಟ್ಟಿತು.

ಆ ವಸ್ತಿಯ ನಾಲ್ಕು ಮನೆಗಳ ಕುರಿಗಳು ಒಂದೇ ಹಿಂಡಾಗಿ ತಿರುಗುತ್ತವೆ. ಸೀಗಿ ಹುಣ್ಣಿಮೆಯ ಮರುದಿನ ಎಲ್ಲರೂ ಸೀಮೆಯ ಕಲ್ಲಿನ ಹತ್ತಿರ ಸೇರುತ್ತಾರೆ. ಹಿರಿಯ ತನ್ನ ಕಂಬಳಿಯನ್ನು ಯಾವ ದಿಕ್ಕಿಗೆ ಕೊಡವುತ್ತಾನೋ ಆ ದಿಕ್ಕಿಗೆ ಹಿಂಡು ನಡೆಯುತ್ತದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಸೋಮಲಿಂಗನ ನಂತರ ಆ ಕಂಬಳಿ ಅಮೋಗಸಿದ್ದನ ಹೆಗಲಿಗೆ ಬಂತು. ಮೂವತ್ತು ವರ್ಷ ಅವನು ಕೊಡವಿದ್ದು ಪಡುವಣಕ್ಕೇ, ಹೊಳೆಯ ಕಡೆಗೇ. ಅಲ್ಲಿನ ಹೊಲದವರೆಲ್ಲ ಗುರುತಿನವರು.

ಹೆಂಡತಿ ಹಾಲವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ಒಬ್ಬನೇ ಮಗ ದತ್ತಾ ನನ್ನ ಕೈಯಲ್ಲಿ ಓದಿದವನು. ಬೆಂಚಿನ ಮೇಲೆ ನಿಲ್ಲಿಸಿದರೂ ನಗುತ್ತಲೇ ನಿಲ್ಲುತ್ತಿದ್ದ, ಅಷ್ಟು ತುಂಟ. ಪ್ರಶ್ನೆ ಮಾತ್ರ ಒಳ್ಳೆಯವು ಕೇಳುತ್ತಿದ್ದ. ಹತ್ತನೆಯದು ಪಾಸಾದ ಮೇಲೆ ಎಲ್ಲಾದರೂ ಕೆಲಸ ಹಿಡಿ ಎಂದೆ. “ಕುರಿ ಬಿಟ್ಟ ನಾ ಏನ ಮಾಡ್ಲಿರಿ, ಅವಕ್ಕ ನಾ ಬೇಕು” ಎಂದ. ಬೆಳುಂಕಿಯ ಮಂಗಲಳನ್ನು ಮದುವೆಯಾದ. ಅವರ ಮಗಳು ಸೃಷ್ಟಿ ಈಗ ನನ್ನ ಐದನೇ ತರಗತಿಯಲ್ಲಿ ಇದ್ದಳು. ‘ಇದ್ದಳು’ ಎಂದೇ ಬರೆಯಬೇಕಾಗಿದೆ.

ಎರಡು ಸಾವಿರದ ಇಪ್ಪತ್ತನಾಲ್ಕರ ಅಕ್ಟೋಬರಿನಲ್ಲಿ, ದಸರೆ ಕಳೆದ ಮೇಲೆ, ಹೊತ್ತು ಮುಳುಗುವ ಕಡೆ ಬಾಲದ ಚುಕ್ಕಿ ಕಾಣಿಸಿತು. ತಲೆ ಕೆಳಗೆ ಪಡುವಣದಲ್ಲಿ, ಬಾಲ ಮೇಲೆ ಮೂಡಣದ ಕಡೆಗೆ. ಅಮೋಗಸಿದ್ದ ನಾಲ್ಕು ಸಂಜೆ ನೋಡಿದ. ಹುಣ್ಣಿಮೆಯ ಮರುದಿನ ಸೀಮೆಯ ಕಲ್ಲಿನ ಹತ್ತಿರ ನಿಂತು, ಮೂವತ್ತು ವರ್ಷದಲ್ಲಿ ಮೊದಲ ಸಲ, ಕಂಬಳಿಯನ್ನು ಮೂಡಣಕ್ಕೆ ಕೊಡವಿದ.

ಐದನೆಯ ದಿನ ಚಡಚಣದ ಆಚೆ ಒಂದು ಬೋಳು ಬಯಲಿನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು. ಬಿರುಗಾಳಿಗೆ ಕುರಿಗಳು ಬಾಲ ತಿರುಗಿಸಿ, ತಲೆ ತಗ್ಗಿಸಿ, ಗಾಳಿ ನೂಕಿದತ್ತ ಸರಿಯತೊಡಗಿದವು. ಮುಂದೆ ಹಳ್ಳವಿತ್ತು. ಅವನ್ನು ತಡೆಯಲು ದತ್ತಾ ಮುಂದಕ್ಕೆ ಓಡಿದ. ಸಿಡಿಲು ಬಿತ್ತು. ಹನ್ನೊಂದು ಕುರಿ, ಅವುಗಳ ನಡುವೆ ದತ್ತಾ. ಅಮೋಗಸಿದ್ದ ನಲವತ್ತು ಹೆಜ್ಜೆ ಹಿಂದಿದ್ದ, ಅವನಿಗೆ ಏನೂ ಆಗಲಿಲ್ಲ.

ಮಣ್ಣಿಗೆ ನಾನೂ ಹೋಗಿದ್ದೆ. ಮುದುಕ ಅಳಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ಚುಕ್ಕಿ ಹೇಳಿದಂಗ ಹೋದ್ನಿ. ಅದು ನನಗ ಸುಳ್ಳ ಹೇಳಿತು.”

ಹಿಂಡನ್ನು ಉಳಿದ ಮೂರು ಮನೆಯವರಿಗೆ ಬಿಟ್ಟು ಅಮೋಗಸಿದ್ದ ವಸ್ತಿಯಲ್ಲೇ ಉಳಿದ, ಆ ವರ್ಷವೆಲ್ಲ ಆ ಮನೆಯಲ್ಲಿ ಒಂದು ರೂಢಿ ನಡೆಯಿತು. ಹೊತ್ತು ಮುಳುಗಿ ದೀಪ ಹಚ್ಚುವ ಮುಂಚೆ ಮಾವ, ಸೊಸೆ ಇಬ್ಬರೂ ಅಂಗಳಕ್ಕೆ ಬರುತ್ತಿದ್ದರು. ಒಂದೊಂದು ಹಿಡಿ ಮಣ್ಣು ತೆಗೆದುಕೊಂಡು ಪಡುವಣದ ಕಡೆಗೆ ತೂರಿ, ಆ ಚುಕ್ಕಿಗೆ ಬಾಯಿಗೆ ಬಂದದ್ದು ಬೈಯುತ್ತಿದ್ದರು. ನಮ್ಮ ಕಡೆ ಮಣ್ಣು ತೂರಿ ಶಪಿಸಿದರೆ ಅದಕ್ಕಿಂತ ದೊಡ್ಡ ಶಾಪವಿಲ್ಲ. ಪಡುವಣ ಗಾಳಿಯ ದಿನಗಳಲ್ಲಿ ಆ ಮಣ್ಣು ಅವರ ಮುಖಕ್ಕೇ ವಾಪಸ್ ಬರುತ್ತಿತ್ತು. ಕಣ್ಣುಜ್ಜಿಕೊಂಡು ಒಳಗೆ ಹೋಗಿ ಉಣ್ಣುತ್ತಿದ್ದರು. ಸೊಸೆ ಬಡಿಸುತ್ತಿದ್ದಳು, ಮಾವ ಇನ್ನೊಂದು ರೊಟ್ಟಿ ಬೇಡವೆನ್ನುತ್ತಿದ್ದ, ಅವಳು ಹಾಕುತ್ತಿದ್ದಳು. ಇದನ್ನೆಲ್ಲ ಸೃಷ್ಟಿ ನನಗೆ ಹೇಳಿದ್ದು. ಕೇಳಿ ನನಗೆ ಸಿಟ್ಟು ಬಂದಿತ್ತು. ಆ ಮನೆ ನಿಂತಿದ್ದದ್ದೇ ಆ ಒಂದು ಹಿಡಿ ಮಣ್ಣಿನ ಮೇಲೆ ಎಂದು ಹೊಳೆಯುವಷ್ಟು ಬುದ್ಧಿ ನನಗಿರಲಿಲ್ಲ.

ಸಿಟ್ಟಿಗೆ ಬೇರೆ ಕಾರಣವೂ ಇತ್ತು. ವಸ್ತಿಯ ಹೆಂಗಸರು ಮಂಗಲಳನ್ನು ಬಾಲಚುಕ್ಕಿ ಎನ್ನತೊಡಗಿದ್ದರು. ಅವಳು ಎದುರಿಗೆ ಬಂದರೆ ಕೊಡ ಇಳಿಸಿ ನಿಂತುಬಿಡುತ್ತಿದ್ದರು. ಯಮನವ್ವ ಎಂಬ ಮುದುಕಿಯಂತೂ ಸೃಷ್ಟಿಯ ಎದುರಿಗೇ “ಅಪ್ಪನ್ನ ನುಂಗಿದ ಚುಕ್ಕಿ ನಿಮ್ಮ ಮನಿ ಮ್ಯಾಲಿಂದನ ಹೋಗಿತ್ತ ನೋಡ” ಎಂದಿದ್ದಳು. ಈ ಬಾಯಿಗಳನ್ನು ಮುಚ್ಚಿಸದಿದ್ದರೆ ನಾನು ಬಾಯಾರಾಗಿ ಏನು ಉಪಯೋಗ ಎಂದುಕೊಂಡೆ. ಚುಕ್ಕಿಗೂ ಸಾವಿಗೂ ಸಂಬಂಧವಿಲ್ಲ ಎಂದು ಎಲ್ಲರೆದುರು ತೋರಿಸಿದರೆ ಆ ಹುಡುಗಿಗೆ ಸ್ವಲ್ಪ ಉಸಿರಾಡಲು ಆದೀತು. ಇದನ್ನು ಯೋಚಿಸಿದ್ದು ನಾನೇ, ಬೇರೆ ಯಾರೂ ಹೇಳಿಕೊಟ್ಟದ್ದಲ್ಲ.

ಮರುವರ್ಷ, ಅಂದರೆ ಕಳೆದ ಅಕ್ಟೋಬರಿನಲ್ಲಿ, ಇನ್ನೊಂದು ಧೂಮಕೇತು ಬಂತು. ಅದು ಮಂಕು, ದುರ್ಬೀನು ಇದ್ದರೆ ಚೆನ್ನಾಗಿ ಕಾಣುತ್ತಿತ್ತು. ದೀಪಾವಳಿಗೆ ಎರಡು ದಿನವಿತ್ತು, ಶಾಲೆಗೆ ಸೂಟಿ. ಆದರೂ ಹೊತ್ತು ಇಳಿಯುವಾಗ ಶಾಲೆಯ ಅಂಗಳಕ್ಕೆ ಎಲ್ಲರೂ ಬರಬೇಕೆಂದು ಮನೆಮನೆಗೆ ಹೋಗಿ ಹೇಳಿದೆ. ಚಹಾ ಮಾಡಿಸುತ್ತೇನೆ ಎಂದದ್ದರಿಂದ ಮೂವತ್ತು ಜನ ಬಂದರು. ಮಂಗಲ ಬರಲಿಲ್ಲ. ಅಮೋಗಸಿದ್ದ ಎಲ್ಲರ ಹಿಂದೆ, ಗೋಡೆಗೆ ಒರಗಿ ನಿಂತಿದ್ದ.

ವರ್ಗದ ಕೋಣೆಯಿಂದ ವೈರ್ ಎಳೆದು ಸ್ಟೂಲಿನ ಮೇಲೆ ಟೇಬಲ್ ಫ್ಯಾನ್ ಇಟ್ಟೆ. ಅದು ಸೂರ್ಯ ಎಂದೆ. ಒಂದು ರಬ್ಬರ್ ಚೆಂಡಿಗೆ ಉಣ್ಣೆಯ ಎಳೆಗಳನ್ನು ಅಂಟಿಸಿಕೊಂಡು ಬಂದಿದ್ದೆ. ಅದು ಧೂಮಕೇತು.

“ಇದು ಮಣ್ಣು ಬೆರೆತ ಬರ್ಫಿನ ಗಡ್ಡಿ” ಎಂದು ಶುರು ಮಾಡಿದೆ. “ದೂರ ಇದ್ದಾಗ ಇದಕ್ಕ ಬಾಲನ ಇರೂದಿಲ್ಲ. ಸೂರ್ಯನ ಹಂತ್ಯಾಕ ಬಂದಾಗ ಬಿಸಿ ಆಗಿ, ಒಳಗಿನ ಹವಾ, ಧೂಳಿ ಹೊರಗ ಬೀಳ್ತಾವ. ಸೂರ್ಯ ಬರೇ ಬೆಳಕ ಕೊಡೂದಿಲ್ಲ, ಅವನಿಂದ ಒಂದು ಗಾಳಿನೂ ಬೀಸತೈತಿ. ಸೌರ ಮಾರುತ ಅಂತಾರ ಅದಕ್ಕ. ನಮ್ಮ ಗಾಳಿ ಹಂಗಲ್ಲ ಅದು, ಕಣ್ಣಿಗೆ ಕಾಣದ ವಿದ್ಯುತ್ತಿನ ಕಣ. ಒಂದು ಸೆಕೆಂಡಿಗೆ ನಾಕನೂರು ಕಿಲೋಮೀಟರ ಓಡ್ತೈತಿ. ಚುಕ್ಕಿಯಿಂದ ಬಂದ ಹವಾ ಐತಲ್ಲ, ಅದನ್ನ ಈ ಗಾಳಿ ನೆಟ್ಟಗ ಹಿಂದಕ್ಕ ಹೊಡೀತೈತಿ. ಧೂಳಿ ಸ್ವಲ್ಪ ಭಾರ, ಅದನ್ನ ಬೆಳಕು ನೂಕತೈತಿ, ಅದು ಹಿಂದ ಬಿದ್ದು ಡೊಂಕ ಆಗತೈತಿ. ಅದಕ್ಕ ಎರಡು ಬಾಲ.”

“ರಾಶಿ ತೂರಿದಂಗ” ಎಂದ ಅಣ್ಣಾರಾಯ. ನಾಲ್ಕು ಮನೆಗಳಲ್ಲಿ ಒಂದು ಮನೆಯವನು.

“ಹೌದು, ಹಗರು ಇದ್ದದ್ದು ನೆಟ್ಟಗ ಹಾರತೈತಿ. ಒಮ್ಮೊಮ್ಮೆ ಸೂರ್ಯನ ಗಾಳಿ ಜೋರಾದ್ರ ಬಾಲ ಪೂರಾ ಕಿತ್ತ ಹೋಗತೈತಿ. ಆಮ್ಯಾಲೆ ಹೊಸದು ಬೆಳೀತೈತಿ.”

“ಹಲ್ಲಿ ಇದ್ದಂಗ ಐತಲ್ಲವಾ” ಎಂದಳು ಯಮನವ್ವ. ಜನ ನಕ್ಕರು. ನನಗೆ ಹುರುಪು ಬಂತು.

ಫ್ಯಾನ್ ಹಾಕಿ ಚೆಂಡು ಹಿಡಿದು ಅದರ ಸುತ್ತ ನಡೆದೆ. ಎಲ್ಲಿ ನಿಂತರೂ ಉಣ್ಣೆಯ ಎಳೆಗಳು ಫ್ಯಾನಿಗೆ ಬೆನ್ನು ಮಾಡಿ ಹಾರಿದವು. ಆಗ ಅಮೋಗಸಿದ್ದ ಗೋಡೆ ಬಿಟ್ಟು ಮುಂದೆ ಬಂದು ಕೈ ಚಾಚಿದ. ಚೆಂಡು ಕೊಟ್ಟೆ. ಅವನು ದೂರದಿಂದ ಫ್ಯಾನಿನ ಕಡೆಗೆ ನಡೆದ, ಎಳೆಗಳು ಹಿಂದಕ್ಕೆ ಹಾರಿದವು. ಸ್ಟೂಲನ್ನು ಒಂದು ಸುತ್ತು ಹಾಕಿ ಫ್ಯಾನಿನಿಂದ ದೂರ ನಡೆದ. ಎಳೆಗಳು ಚೆಂಡಿಗಿಂತ ಮುಂದೆ ಹಾರಿದವು, ಅವನು ಹೊರಟ ದಿಕ್ಕಿಗೇ. ಅಲ್ಲಿ ನಿಂತ. ಮರಳಿ ಹೋಗಿ ಮತ್ತೆ ಹಾಗೆಯೇ ಮಾಡಿದ. ಮೂರನೆಯ ಸಲವೂ ಮಾಡಿದ. ಮಕ್ಕಳು ಕಿಸಕ್ಕೆಂದವು, ನಾನು ಗದರಿದೆ.

“ಅಂದ್ರ ಬಾಲ ಬಂದ ದಾರಿ ತೋರಸೂದಿಲ್ಲರಿ?” ಎಂದು ಕೇಳಿದ.

“ಇಲ್ಲ ಕಾಕಾ. ಸೂರ್ಯ ಯಾವ ಕಡೆ ಅದಾನಂತ ಅಷ್ಟ ತೋರಸ್ತೈತಿ. ಎಲ್ಲಿಂದ ಬಂತು, ಎಲ್ಲಿಗೆ ಹೊಂಟೈತಿ, ಬಾಲಕ್ಕ ಏನೂ ಗೊತ್ತಿಲ್ಲ.”

“ಹ್ವಾದ ವರ್ಷದ್ದು ಪಡುವಣಕ್ಕ ಹೊಂಟಿತ್ತಲ್ಲರಿ?”

“ಅದು ಸೂರ್ಯನ್ನ ಸುತ್ತು ಹಾಕಿ ಹೊರಗ ಹೊಂಟಿತ್ತು. ನೀವು ಈಗ ನಡದ್ರಲ್ಲ, ಹಂಗ. ಬಾಲ ಮುಂದ, ತಲಿ ಹಿಂದ.”

ಅವನು ಚೆಂಡಿನ ಎಳೆಗಳನ್ನು ಬೆರಳಿನಿಂದ ನೇವರಿಸಿದ. ಆಮೇಲೆ ಮೂರನೆಯ ಪ್ರಶ್ನೆ ಕೇಳಿದ.

“ಅದಕ್ಕಿಂತ ಹದಿನೈದು ದಿನ ಮದಲ, ಪಕ್ಷಮಾಸದಾಗ, ನಸುಕಿನ್ಯಾಗ ಮೂಡಣಕ್ಕ ಒಂದು ಕಂಡಿತ್ತಂತರಿ. ಅದರ ಬಾಲ ಪಡುವಣಕ್ಕಿತ್ತಂತ. ಅದು ಬ್ಯಾರೆ ಚುಕ್ಕಿ ಅಲ್ಲೇನ್ರಿ?”

ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಖುಷಿಯಿಂದ ನನ್ನ ಮುಖ ಅರಳಿರಬೇಕು. “ಒಂದಽ ಚುಕ್ಕಿ ಕಾಕಾ, ಎರಡಲ್ಲ. ಮದಲ ಸೂರ್ಯ ಹುಟ್ಟೂ ಕಡೆ ಕಂಡಿತು, ಆಮ್ಯಾಲೆ ಮುಳಗೂ ಕಡೆ ಬಂತು. ಸೂರ್ಯ ಈ ಕಡೆ ಆದ್ರ ಬಾಲ ಆ ಕಡೆ, ಸೂರ್ಯ ಆ ಕಡೆ ಆದ್ರ ಬಾಲ ಈ ಕಡೆ. ಎರಡೂ ಸಲ ನೋಡಿದವ್ರು ಯಾರಾದ್ರೂ ಇದ್ರ ಅವರಿಗೆ ತಾನಽ ತಿಳೀತಿತ್ತು, ಬಾಲ ನಂಬೂಹಂಗಿಲ್ಲಂತ. ನೀವು ನೋಡಿದ್ರೇನು?”

“ನಾ ನೋಡಿಲ್ಲರಿ” ಎಂದ.

ನಾನು ಮಕ್ಕಳ ಕಡೆ ತಿರುಗಿ, ಪ್ರಶ್ನೆ ಕೇಳುವುದಿದ್ದರೆ ಹೀಗೆ ಕೇಳಬೇಕು, ಈ ಅಜ್ಜನನ್ನು ನೋಡಿ ಕಲಿಯಿರಿ ಎಂದೆ. ಚಪ್ಪಾಳೆ ಹೊಡೆಸಿದೆ. ಅದನ್ನು ನೆನೆದರೆ ಈಗಲೂ ಕೈ ಸುಡುತ್ತದೆ. ಕತ್ತಲಾದ ಮೇಲೆ ಎಲ್ಲರೂ ಸಾಲುಗಟ್ಟಿ ದುರ್ಬೀನಿನಲ್ಲಿ ನೋಡಿದರು. ಅಮೋಗಸಿದ್ದ ಚೆಂಡನ್ನು ಸ್ಟೂಲಿನ ಮೇಲಿಟ್ಟು ಯಾವಾಗಲೋ ಹೋಗಿಬಿಟ್ಟಿದ್ದ. ಚಹಾ ಕೂಡ ಕುಡಿದಿರಲಿಲ್ಲ. ನಾನು ಮಾತ್ರ ಗೆದ್ದು ಬಂದವಳಂತೆ ಮನೆಗೆ ಹೋಗಿ ಗಂಡನಿಗೆ ಅರ್ಧ ತಾಸು ಕೊರೆದೆ.

ಸೂಟಿ ಮುಗಿದು ಶಾಲೆ ತೆರೆದ ದಿನವೇ ಮಂಗಲ ಬಂದಳು. ಜೊತೆಗೆ ಸೃಷ್ಟಿ, ಬೆನ್ನಿಗೆ ಚೀಲವಿಲ್ಲ.

“ಬಾಯಾರ, ಇಕಿದು ದಾಖಲಾ ಕೊಡ್ರಿ. ಬೆಳುಂಕಿ ಸಾಲಿಗೆ ಹಾಕತೀನಿ.”

“ಯಾಕವ್ವಾ, ತವರಿಗೆ ಹೊಂಟಿಯೇನು? ಮಾವನ್ನ ಯಾರ ನೋಡಕೋತಾರ?”

ಅವಳು ಮಗಳನ್ನು ಹೊರಗೆ ಆಡಲು ಕಳಿಸಿದಳು. ಬೆಂಚಿನ ಮೇಲೆ ಕೂರು ಎಂದರೂ ಕೂರಲಿಲ್ಲ. ನಿಂತೇ ಹೇಳಿದಳು.

“ಪಕ್ಷಮಾಸದಾಗ ನಸುಕಿನ್ಯಾಗ ಚುಕ್ಕಿ ನೋಡಿದವ್ರು ಸೃಷ್ಟಿ ಅಪ್ಪ. ಕುರಿಗೆ ಎದ್ದಾಗ ನೋಡಿ ಬಂದು ನನಗ ಹೇಳಿದ್ರು. ದಸರಿ ಆದ ಮ್ಯಾಲ ಸಂಜಿ ಮುಂದ ಮತ್ತ ಕಂಡಿತಲ್ಲರಿ, ಮಾವ ಮೂಡಣಕ್ಕ ಹೋಗೂಣು ಅಂದ್ರು. ಇವರು ಅಂದ್ರು, ಅಪ್ಪಾ, ಇದು ಮುಂಜಾನಿ ಕಂಡದ್ದಽ ಚುಕ್ಕಿ, ಅವಾಗ ಬಾಲ ಪಡುವಣಕ್ಕಿತ್ತು, ಈಗ ಮೂಡಣಕ್ಕ ಐತಿ, ಇದರ ಬಾಲ ನಂಬಬ್ಯಾಡ, ನಮ್ಮ ಹೊಳಿ ದಾರಿನ ಹಿಡಿಯೂಣು. ಮಾವ ಕೇಳಲಿಲ್ಲ. ಅದು ಬ್ಯಾರೆ, ಇದು ಬ್ಯಾರೆ, ನಿನ್ನ ಸಾಲಿ ಬುದ್ಧಿ ಇಲ್ಲಿ ತರಬ್ಯಾಡ ಅಂದ್ರು. ಇವರು ನಕ್ಕು ಸುಮ್ಮಾದ್ರು. ಅಪ್ಪನ ಮಾತ ಮೀರಿದವರಲ್ಲ.”

ಆ ಸಂಜೆ ಮುದುಕ ಕೇಳಿದ ಮೂರನೆಯ ಪ್ರಶ್ನೆ ಯಾರದೆಂದು ಈಗ ತಿಳಿಯಿತು.

“ಅವತ್ತ ನಿಮ್ಮ ಸಾಲಿಯಿಂದ ಬಂದ ಮಾವ ರೊಟ್ಟಿ ಮುಟ್ಟಲಿಲ್ಲ. ನನ್ನ ಕರದು ಕುಂದರಿಸಿಕೊಂಡು ಹೇಳಿದ್ರು. ಮಂಗಲಾ, ಅದು ಒಂದಽ ಚುಕ್ಕಿ. ದತ್ತಾ ಅಂದದ್ದು ಖರೇ. ಚುಕ್ಕಿದೇನೂ ತಪ್ಪಿಲ್ಲ. ಅವ ಹೇಳಿದ್ದ, ನಾ ಕೇಳಲಿಲ್ಲ. ಅಷ್ಟ ಅಂದ್ರು.”

“ಮಂಗಲಾ,” ಎಂದೆ, “ಸಿಡಿಲು ಎಲ್ಲಿ ಬೇಕಾದ್ರೂ ಬೀಳತೈತಿ. ಹೊಳಿ ಕಡೆ ಹೋಗಿದ್ರೂ ಬೀಳಬಹುದಿತ್ತು. ಅದು ಯಾರ ತಪ್ಪೂ ಅಲ್ಲ.”

“ಅದೂ ಖರೇನ ಇರಬೇಕ್ರಿ. ನೀವು ಹೇಳೂದೆಲ್ಲಾ ಖರೇನ ಇರತೈತಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದು ವರ್ಷ ನಾವಿಬ್ರೂ ಆ ಚುಕ್ಕಿನ್ನ ಬೈಕೋತ ಒಂದಽ ಮನ್ಯಾಗ ಉಂಡ್ವಿ ಬಾಯಾರ. ಈಗ ಯಾರನ್ನ ಬೈಯಲಿ? ಮರದಿನ ಸಂಜಿಮುಂದ ರೂಢಿ ಪ್ರಕಾರ ಮಣ್ಣ ಹಿಡಕೊಂಡು ಅಂಗಳಕ್ಕ ಬಂದ್ನಿ. ಎಲ್ಲಿ ತೂರೂದು ತಿಳೀಲಿಲ್ಲ. ಮಾವ ಬಂದು ನನ್ನ ಮುಂದ ನಿಂತ್ರು. ಇಲ್ಲಿ ತೂರವ್ವಾ ಅಂದ್ರು.”

“ನೀ ಏನ ಮಾಡಿದಿ?”

“ತೂರಿದ್ನಿರಿ.”

ಹೊರಗೆ ಮಕ್ಕಳು ಕುಂಟಾಟ ಆಡುತ್ತಿದ್ದವು. ಮಂಗಲ ಸೆರಗಿನಿಂದ ಕೈ ಒರೆಸಿಕೊಂಡಳು, ಕೈಯಲ್ಲಿ ಏನೂ ಇರಲಿಲ್ಲ.

“ಕಣ್ಣ ಮುಚ್ಚಲಿಲ್ಲ ಅವ್ರು. ಹಂಗಽ ನಿಂತಿದ್ರು. ಆಮ್ಯಾಲ ನಾ ಅವರಿಗೆ ರೊಟ್ಟಿ ಬಡಿಸೂದು ಹೆಂಗ್ರಿ, ಅವ್ರು ಉಣ್ಣೂದು ಹೆಂಗ್ರಿ? ದಾಖಲಾ ಕೊಡ್ರಿ, ಬಸ್ಸಿಗೆ ಹೊತ್ತಾತು.”

ದಾಖಲೆಯ ಪುಸ್ತಕದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಒಂದು ಕಲಮು ಇದೆ. ಅಲ್ಲಿ ಸರಿಯಾದ ಕಾರಣವನ್ನೇ ಬರೆಯಬೇಕೆಂದು ಬೇರೆ ಶಿಕ್ಷಕರ ಜೊತೆ ಜಗಳವಾಡಿದವಳು ನಾನು. ‘ತಾಯಿಯ ತವರಿಗೆ ಸ್ಥಳಾಂತರ’ ಎಂದು ಬರೆದು, ಸಹಿ ಮಾಡಿ, ಶಿಕ್ಕಾ ಒತ್ತಿ ಕೊಟ್ಟೆ. ಸೃಷ್ಟಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಈ ವರ್ಷ ಮಳೆ ಹಿಡಿದುಕೊಂಡದ್ದರಿಂದ ಹಿಂಡು ದೀಪಾವಳಿ ಕಳೆದ ಮೇಲೆ ಹೊರಟಿತು, ಸೀಮೆಯ ಕಲ್ಲಿನ ಹತ್ತಿರ ಕಂಬಳಿ ಕೊಡವಿದ್ದು ಅಣ್ಣಾರಾಯ. ಅಮೋಗಸಿದ್ದ ಈ ಸಲವೂ ಹಿಂಡಿನ ಜೊತೆ ಹೋಗಲಿಲ್ಲ. ಹದಿನೈದು ಕುರಿ ಇಟ್ಟುಕೊಂಡು ವಸ್ತಿಯ ಸುತ್ತಲೇ ತಿರುಗುತ್ತಾನೆ. ಶಾಲೆಯ ಮುಂದೆ ಹಾಯುತ್ತಾನೆ, ಗಾಳಿ ಯಾವುದೆಂದು ಕೂಗುವುದಿಲ್ಲ. ನಾನೂ ಒಂದು ತಿಂಗಳು ಆ ಹೊತ್ತಿಗೆ ಹೊರಗೆ ಬರದೆ ಒಳಗೇ ಕೂತಿರುತ್ತಿದ್ದೆ. ಹೇಡಿತನ, ಇನ್ನೇನು.

ಕಳೆದ ವಾರ ದಾರಿಯಲ್ಲಿ ಎದುರಾದ. ಕುರಿಗಳು ರಸ್ತೆಗೆ ಅಡ್ಡ ಬಂದದ್ದರಿಂದ ಸ್ಕೂಟಿ ನಿಲ್ಲಿಸಲೇಬೇಕಾಯಿತು. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ.

“ಖರೇ ಹೇಳಿದ್ರಿ ಬಾಯಾರ. ಅದರಾಗ ನಿಮ್ಮದೇನ ತಪ್ಪೈತಿ.”

ಅವನು ಕುರಿಗಳನ್ನು ಬದಿಗೆ ಸರಿಸಿ, ಹೋಗುವವನು ಮತ್ತೆ ತಿರುಗಿದ.

“ಹ್ವಾದ ವರ್ಷದ್ದು, ಆ ಚುಕ್ಕಿ, ಮತ್ತ ಬರತೈತೇನ್ರಿ?”

“ಯಾಕ ಕಾಕಾ?”

“ಬಂದ್ರ ಒಂದು ಸಲ ನಸುಕಿನ್ಯಾಗ ಎದ್ದು ಮೂಡಣಕ್ಕ ನೋಡತಿದ್ನಿ. ಅವ ನೋಡಿದ್ದು.”

ಬರುತ್ತದೆ ಎಂದು ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ.

“ಇಲ್ಲ ಕಾಕಾ,” ಎಂದೆ. “ಅದು ಹೋತು. ಇನ್ನ ನಮ್ಮ ಕಾಲಕ್ಕ ಬರೂದಿಲ್ಲ.”